ಕೇಳುವ ಕಡ್ಡಿ

ಮಂಡಕ್ಕಿ ಭಟ್ಟಿಯ ಎದುರಿಗೆ ಅಲ್ಲಾಬಕ್ಷನ ಶೆಡ್ಡು.
ಹೊಟ್ಟಿನ ಹೊಗೆ ಬೆಳಿಗ್ಗೆ ಆರಕ್ಕೇ ಬಂದು
ಬಾನೆಟ್ಟಿನೊಳಗೆ ಇಣುಕುತ್ತದೆ,
ಗಿರಾಕಿಗಿಂತ ಮೊದಲು.

ಜಾಕಿನ ಮೇಲೆ ನನ್ನ ಹಳೇ ಎಸ್ಟೀಮು.
ಹಿಂದಿನ ಸೀಟಿಲ್ಲ, ನೆಲಹಾಸಿಲ್ಲ,
ಬಾಗಿಲ ಮೇಲೆ ನಲವತ್ತೊಂದು,
ಹಾಲಸ್ವಾಮಿ ಕೈಯಾರೆ ಬರೆದದ್ದು,
ತುಸು ವಾಲಿದೆ.

"ಪವರ್ ಸ್ಟೀರಿಂಗ್ ತೆಗೀಬೇಕು" ಅಂದೆ.
"ಹಾಕ್ಸೋರು ಬರ್ತಾರೆ ಮೇಡಂ,
ತೆಗ್ಸೋರು ನೀವೇ ಮೊದ್ಲು" ಎಂದು ಬೀಡಿ ಆರಿಸಿದ.
ಬಾತಿ ಗುಡ್ಡದ ಹಿಂದಿನ ಮಣ್ಣಿನ ಟ್ರ್ಯಾಕಿನಲ್ಲಿ
ಪಂಪು ಕಾದು ಎಣ್ಣೆ ಉಗುಳಿದ್ದು ಹೇಳಿದೆ.
ಅದು ನೆಪ. ನಿಜವನ್ನೂ ಹೇಳಿದೆ:
ಗಾಲಿ ಜಾರುವುದು ನನಗೆ ತಿಳಿಯುವಷ್ಟರಲ್ಲಿ
ಜಾರಿ ಆಗಿರುತ್ತದೆ.
ನಡುವೆ ಯಾರೋ ಕೂತು
ನೆಲದ ಮಾತನ್ನು ನಯಮಾಡಿ ಹೇಳುತ್ತಾರೆ,
ಎರಡೂ ಮನೆಗೆ ಒಳ್ಳೆಯದನ್ನೇ ಹೇಳುವ
ಮದುವೆ ದಲ್ಲಾಳಿಯ ಹಾಗೆ.

ಮ್ಯಾನುಯಲ್ ರ್ಯಾಕೇ ಸಿಗುತ್ತದಲ್ಲ ಗುಜರಿಯಲ್ಲಿ?
ಸಿಗುತ್ತದೆ. ಅದರ ಹಲ್ಲು ಸಾವಧಾನದವು,
ಈ ತುದಿಯಿಂದ ಆ ತುದಿಗೆ ನಾಲ್ಕು ಸುತ್ತು.
ಇದಕ್ಕೆ ಮೂರೇ.
ಹಲ್ಲು ಇದರದೇ ಇರಲಿ,
ಎಣ್ಣೆಯ ಋಣ ಮಾತ್ರ ಹರಿಯಲಿ.

ಕೆಂಪೆಣ್ಣೆ ಹಳೇ ಡಾಲ್ಡಾ ಡಬ್ಬಿಗೆ ಇಳಿಯಿತು.
ದಂಡದ ನಡುವೆ ಒಂದು ತೆಳು ಉಂಗುರ,
ಒತ್ತಡಕ್ಕೆ ಎದೆ ಕೊಡುತ್ತಿದ್ದುದು ಅದೇ.
ಬ್ಲೇಡಿಟ್ಟ. ಟಪ್ಪೆಂದು ಬಿಟ್ಟಿತು.
ಕೊಳವೆಯ ಬಾಯಿಗಳಿಗೆ ಬೋಲ್ಟು,
ಹಲ್ಲಿನ ಸಂದಿಗೆ ಗ್ರೀಸು,
ಹೂರಣ ತುಂಬುವ ಹುಷಾರಿನಲ್ಲಿ.

ಆಮೇಲೆ ಪಿನಿಯನ್ನು ನನ್ನ ಕೈಗಿಟ್ಟು "ತಿರುವ್ರಿ" ಅಂದ.
ಒಳಗೊಂದು ಕಡ್ಡಿ, ಪೆನ್ಸಿಲ್ಲಿಗಿಂತ ಸಣ್ಣ.
ಚಕ್ರ ತಿರುಗಿಸಿದಾಗ ಎಲ್ಲಕ್ಕೂ ಮೊದಲು
ಅದು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ.
ಆ ತಿರುಚೇ ಮನವಿ.
ವಾಲ್ವು ತೆರೆದು ಪಂಪು ಎಣ್ಣೆ ಕಳಿಸುತ್ತದೆ.
ಇಪ್ಪತ್ತೈದು ವರ್ಷ ಈ ಕಡ್ಡಿ
ದಿನಕ್ಕೆ ಸಾವಿರ ಸಲ ಕೇಳಿದೆ,
ಒಮ್ಮೆಯೂ ನಮಗೆ ಕೇಳಿಸದ ಹಾಗೆ.

"ಪಂಪು ಹೋದ್ಮ್ಯಾಲೂ ಇದು ಕೇಳ್ತಾನೇ ಇರ್ತೈತೆ,
ಅದೇ ತೊಂದ್ರೆ. ಕೈಗೆ ಲಡಬಡ ಅಂತೈತೆ.
ಬೆಸುಗೆ ಹಾಕ್ಬಿಡಾಣ."
ನಮಗೆ ಆ ಕಡೆ ನೋಡಲು ಹೇಳಿ
ಕಪ್ಪು ಕನ್ನಡಕ ಇಳಿಸಿಕೊಂಡ.
ಭಟ್ಟಿಯ ಗೋಡೆಯ ಮೇಲೆ
ನೀಲಿ ಬೆಳಕು ನಾಲ್ಕು ಸಲ ಹಾರಿತು.
ಕಡ್ಡಿ ಕೇಳುವುದು ನಿಂತಿತು.

ಕಳಚಿದ ಪಂಪು, ಪೈಪು, ಡಬ್ಬಿ, ಬೆಲ್ಟು
ಎಲ್ಲವನ್ನೂ ಹಾಲಸ್ವಾಮಿ
ಮಂಡಕ್ಕಿ ತಕ್ಕಡಿಗೆ ಹಾಕಿ ಬಂದ:
ಐದೂವರೆ ಕೇಜಿ.
"ಇಷ್ಟು ತೂಕದ ಮಂಡಕ್ಕಿ ತುಂಬಿದ್ರೆ
ಹಿಂದಿನ ಸೀಟಿನ ಜಾಗ ಪೂರಾ ಆಗ್ತೈತೆ ಮೇಡಂ,
ಹಗುರ ಅಂದ್ರೆ ಯಾವುದು ಮತ್ತೆ?"

ನಿಂತ ಕಾರಿನಲ್ಲಿ ಸ್ಟೀರಿಂಗ್ ಹಿಡಿದವನೂ ಅವನೇ,
ಜಿಮ್ಮಿಗೆ ಹೋಗುವ ಹುಡುಗ,
ಹಲ್ಲು ಕಚ್ಚಿದ, ಅರ್ಧ ಸುತ್ತು.
ಅಲ್ಲಾಬಕ್ಷನ ಹೆಂಡತಿ ರಮೀಜಾಬಿ ಚಹಾ ತಂದಳು,
ಹತ್ತೊಂಬತ್ತು ವರ್ಷ
ಕಾದ ಮರಳಿನಲ್ಲಿ ಅಕ್ಕಿ ತಿರುವಿದವಳು.
ಕಿಟಕಿಯಿಂದಲೇ ಕೈ ಹಾಕಿ
ಒಂದೇ ಎಳೆತಕ್ಕೆ ಗಾಲಿಯನ್ನು ಚರಂಡಿಯ ಕಡೆ ಮುಖಮಾಡಿಸಿದಳು.
"ಇದಕ್ಕಾ ಭಾರ ಅಂತೀರಿ?" ಅಂದು
ಲೋಟ ಎಣಿಸಿಕೊಂಡು ಹೋದಳು.

ಪಿ.ಬಿ. ರಸ್ತೆಯ ಗುಂಡಿಗಳನ್ನು
ಇಷ್ಟು ದಿನ ನೋಡಿದ್ದೆ, ಅಷ್ಟೆ.
ಈಗ ಒಂದೊಂದೂ ಮೊಣಕೈತನಕ ಬಂದು
ಹೆಸರು ಹೇಳಿಕೊಂಡಿತು.

ಟ್ರ್ಯಾಕಿನ ಮೂರನೇ ತಿರುವು,
ಮೆಕ್ಕೆಜೋಳದ ಕೂಳೆ ಇನ್ನೂ ಉಳಿದ ಕಡೆ.
ಗಾಲಿ ಜಾರುವ ಮೊದಲೇ
ಅಂಗೈಯಲ್ಲಿ ಚಕ್ರ ಹಗುರಾಯಿತು,
ನಿದ್ದೆ ಹತ್ತುವ ಮಗುವಿನ ಮುಷ್ಟಿ ಸಡಿಲುವಂತೆ.
ತಿದ್ದಿಕೊಂಡೆ.
ಐದನೇ ಸುತ್ತಿನಲ್ಲಿ ತಿದ್ದಲಾಗಲಿಲ್ಲ,
ಟಯರಿನ ಗುಡ್ಡೆಗೆ ಮೂತಿ ಗುದ್ದಿದೆ.
ಗುದ್ದುತ್ತೇನೆಂದು ಮೊದಲೇ ತಿಳಿದಿತ್ತು,
ಅದೊಂದು ಲಾಭ.

ರಾತ್ರಿ ಜಡೆ ಬಿಚ್ಚಲು ತೋಳು ಏಳಲಿಲ್ಲ.
ಬಾಗಿಲಲ್ಲಿ ತಂಗಿ ನಿಂತಿದ್ದಳು.
ಕೇಳಲಿಲ್ಲ.
ಅವಳ ಕಡೆ ಕೂದಲೆಳೆಯಷ್ಟು
ಹೊರಳಿದ್ದೆನೇನೋ.
ಬಾಚಣಿಗೆ ಹುಡುಕುತ್ತ ಒಳಗೆ ಹೋದಳು.